ಬೀಡಿ ಇದ್ದವರಿಗೆ ಮಾತ್ರ ಬಿಡುವು

ನನ್ನ ಗಂಡನ ಎಡಗಾಲಿನಲ್ಲಿ ಈಗ ನಾಲ್ಕೇ ಬೆರಳು. ಐದನೆಯದು ಹೋದದ್ದರಲ್ಲಿ ನನ್ನ ಪಾಲೂ ಇದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಅವರಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಮೀನಿನ ಪೆಟ್ಟಿಗೆ ಹೊರುವ ಕೆಲಸ. ಕೈಕಾಲು ಮರಗಟ್ಟುವಷ್ಟು ಚಳಿ. ಅಲ್ಲೊಂದು ಹಾಳು ರೂಢಿ ಇದೆ. ಬೀಡಿ ಸೇದುವವರನ್ನು ಗಂಟೆಗೊಮ್ಮೆ ಹತ್ತು ನಿಮಿಷ ಹೊರಗೆ ಬಿಡುತ್ತಾರೆ. ಸೇದದವರು ಒಳಗೇ ದುಡಿಯಬೇಕು. ಸುಮ್ಮನೆ ಬಿಸಿಲಿಗೆ ನಿಂತರೆ, ಮಾವನ ಮನೆಗೆ ಬಂದಿದ್ದೀಯಾ ಎಂದು ಸೂಪರ್‌ವೈಸರ್ ಹಂಗಿಸುತ್ತಾನೆ. ಮದುವೆಯಾದ ಹೊಸದರಲ್ಲಿ ಬೀಡಿಯ ವಾಸನೆಗೇ ಮೂಗು ಮುಚ್ಚುತ್ತಿದ್ದ ಮನುಷ್ಯ, ಆ ಹತ್ತು ನಿಮಿಷದ ಬಿಸಿಲಿಗಾಗಿ ಬೀಡಿ ಹಿಡಿದರು. ಕೆಲವೇ ವರ್ಷಗಳಲ್ಲಿ ದಿನಕ್ಕೊಂದು ಕಟ್ಟು ಸಾಲದಾಯಿತು.

ಮೊದಲು ನಡೆಯುವಾಗ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಎರಡು ಸಲ ನಿಲ್ಲಬೇಕು. ನಿಂತರೆ ನೋವು ಇಳಿಯುತ್ತಿತ್ತು. ಆಮೇಲೆ ಕಾಲಿನ ಬೆರಳುಗಳು ಬೆಳ್ಳಗಾದವು, ನೀಲಿಯಾದವು. ಚಳಿಯ ಕೆಲಸ, ಇದ್ದದ್ದೇ ಎಂದು ಇಬ್ಬರೂ ಉಪೇಕ್ಷೆ ಮಾಡಿದೆವು.

ಒಂದು ಸಂಜೆ ಬೆರಳು ಇರುವುದೇ ಗೊತ್ತಾಗುತ್ತಿಲ್ಲ ಎಂದರು. ನಾನು ಬಕೆಟ್ಟಿಗೆ ಬಿಸಿನೀರು ಹಾಕಿ ಕಾಲು ಇಳಿಬಿಡಲು ಹೇಳಿದೆ. ನನ್ನ ಕೈಗೆ ಆ ನೀರು ಚುರುಕ್ ಎಂದಿತ್ತು. ಅವರಿಗೆ ಏನೂ ಅನ್ನಿಸಲಿಲ್ಲ, ಇನ್ನೂ ಹಾಕು ಎಂದರು. ಹಾಕಿದೆ.

ಬೆಳಿಗ್ಗೆ ಕಿರುಬೆರಳಿನ ಮೇಲೆ ಬೊಬ್ಬೆ ಎದ್ದಿತ್ತು. ಅದು ಒಡೆದು ಹುಣ್ಣಾಯಿತು. ಅಂಗಡಿಯ ಮುಲಾಮು ಹಚ್ಚುತ್ತಾ ಒಂದು ತಿಂಗಳು ಕಳೆದೆವು. ಬೆರಳು ಕಪ್ಪಗಾದಾಗ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಅದನ್ನು ತೆಗೆದೇ ಬಿಟ್ಟರು. ಬೀಡಿ ನಿಲ್ಲದಿದ್ದರೆ ಪಾದವೂ ಉಳಿಯುವುದು ಕಷ್ಟ ಎಂದರು.

ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಮ್ಮ ಇವರ ಜೇಬಿನಲ್ಲಿ ಬೀಡಿ ಕಟ್ಟು ಕಂಡು ಕೈ ನಿಲ್ಲಿಸಿದರು. ಇವರು ತಲೆ ತಗ್ಗಿಸಿಯೇ ಹೇಳಿದರು: "ಬೀಡಿ ಸೇದಿದ್ರೇನೇ ಸ್ವಲ್ಪ ಬೆಚ್ಚಗಾಗೋದು ಸಿಸ್ಟರ್. ಅದನ್ನೂ ಬಿಟ್ರೆ ನಾನು ಅಲ್ಲೇ ಸೆಟೆದು ಹೋಗ್ತೀನಿ."

"ಬೆಚ್ಚಗೆ ಮಾಡೋದು ಬಿಸಿಲು ಕಣಪ್ಪಾ, ಬೀಡಿ ಅಲ್ಲ."

ನರ್ಸಮ್ಮ ತಮ್ಮ ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಬೆಳ್ಳಗಾದ ಉಗುರು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪಾಯಿತು. ಆಮೇಲೆ ಇವರ ಕಾಲಿನ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟರು. ಒಂದು, ಎರಡು, ಮೂರು ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ. ಏಳು ಎಣಿಸಿದರೂ ಬಣ್ಣ ಬರಲಿಲ್ಲ.

ನರ್ಸಮ್ಮ ಬಿಡಿಸಿ ಹೇಳಿದರು. ರಕ್ತನಾಳ ಕಬ್ಬಿಣದ ಪೈಪಲ್ಲ. ಅದರ ಗೋಡೆಯಲ್ಲಿ ತೆಳ್ಳಗಿನ ಸ್ನಾಯು ಇದೆ. ಚಳಿಯಾದರೆ ಅದು ಬಿಗಿದುಕೊಂಡು, ಕೈಕಾಲಿನ ನಾಳಗಳು ಕಿರಿದಾಗುತ್ತವೆ. ಮೈಯೊಳಗಿನ ಬಿಸಿ ಹೊರಗೆ ಹೋಗದಿರಲಿ ಎಂದು ದೇಹವೇ ಮಾಡಿಕೊಳ್ಳುವ ಉಪಾಯ ಅದು. ಬಿಸಿಲಿಗೆ ಬಂದರೆ ಸ್ನಾಯು ಸಡಿಲವಾಗಿ ನಾಳ ಮತ್ತೆ ಅಗಲವಾಗಬೇಕು, ಬೆರಳಿಗೆ ರಕ್ತ ಹರಿಯಬೇಕು. ಬೀಡಿಯ ಹೊಗೆ ನಾಳವನ್ನು ಮತ್ತೆ ಬಿಗಿ ಮಾಡುತ್ತದೆ. ವರ್ಷಗಟ್ಟಲೆ ಸೇದಿದರೆ ಕೆಲವರಿಗೆ ನಾಳವೇ ಕಟ್ಟಿಕೊಳ್ಳುತ್ತದೆ. ರಕ್ತ ಬಾರದ ಕಡೆ ಗಾಯ ಮಾಯುವುದಿಲ್ಲ.

"ನಾಳ ತೆರ್ಕೊಳ್ಳೋ ಹೊತ್ತಲ್ಲೇ ನೀನು ಅದರ ಕತ್ತು ಹಿಸುಕ್ತಿದ್ದೀಯಲ್ಲಪ್ಪಾ," ಎಂದರು ನರ್ಸಮ್ಮ.

ಇವರು ಬೀಡಿ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕಸದ ಡಬ್ಬಿಗೆ ಹಾಕಿದೆ. ಬಿಡುವುದೇನೂ ಸುಲಭವಾಗಲಿಲ್ಲ. ಹದಿನೈದು ದಿನ ಮನೆಯಲ್ಲಿ ಎಲ್ಲರ ಮೇಲೂ ಸಿಡಿಮಿಡಿ.

ಮತ್ತೆ ಕೆಲಸಕ್ಕೆ ಹೋದ ದಿನ ಇವರು ಬರಿಗೈಯಲ್ಲಿ ಬಿಸಿಲಿಗೆ ನಿಂತರಂತೆ. ಬೀಡಿ ಎಲ್ಲಿ ಎಂದು ಸೂಪರ್‌ವೈಸರ್ ಕೇಳಿದನಂತೆ. ಇವರು ಚಪ್ಪಲಿ, ಕಾಲುಚೀಲ ಬಿಚ್ಚಿ ಪಾದ ತೋರಿಸಿದರು. ಅವನು ನೋಡಿ, ಮುಖ ತಿರುಗಿಸಿಕೊಂಡು ಒಳಗೆ ಹೋದ. ಮರುದಿನದಿಂದ ಬೀಡಿ ಸೇದದ ಇಬ್ಬರು ಇವರ ಪಕ್ಕ ಬಂದು ನಿಲ್ಲುತ್ತಿದ್ದಾರೆ.

ಹೋದ ಬೆರಳು ಬರುವುದಿಲ್ಲ. ದಿನಾ ಸಂಜೆ ಉಳಿದ ಬೆರಳುಗಳ ಉಗುರು ಒತ್ತಿ ಎಣಿಸುತ್ತೇನೆ. ಈಗ ನಾಲ್ಕು ಎಣಿಸುವಷ್ಟರಲ್ಲಿ ಬಣ್ಣ ಬರುತ್ತಿದೆ.

ನಿಮ್ಮ ಮನೆಯವರಿಗೂ ನಡೆದರೆ ಕಾಲು ಹಿಡಿದುಕೊಳ್ಳುತ್ತದೆಯೇ, ಬೆರಳು ಬೆಳ್ಳಗಾಗುತ್ತದೆಯೇ? ನನ್ನ ಹಾಗೆ ತಿಂಗಳು ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜೋಮು ಹಿಡಿದ ಕಾಲಿಗೆ ಸುಡುನೀರು, ಬೆಂಕಿ ತಾಗಿಸಬೇಡಿ. ಒಣಬಟ್ಟೆ ಸುತ್ತಿ ಬೆಚ್ಚಗಿಡಿ. ಬೀಡಿ, ಸಿಗರೇಟು ಪೂರ್ತಿ ಬಿಡಿಸಿ. ಚಳಿಯಲ್ಲಿ ದುಡಿಯುವವರೇ, ಬಿಸಿಲಿಗೆ ನಿಲ್ಲಲು ಕೈಯಲ್ಲಿ ಬೀಡಿ ಬೇಕಿಲ್ಲ. ಬಿಡುವು ಬೇಕೆಂದು ಬಾಯಿಬಿಟ್ಟು ಕೇಳಿ, ಕಾಲಿನಲ್ಲಿ ಐದು ಬೆರಳೂ ಇರುವಾಗಲೇ ಕೇಳಿ.