ಗಡಿಬಿಡಿಯಣ್ಣನ ಪಬ್ಬು

ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಫಲಕದ ಆ ನಲವತ್ತು ಪದಗಳನ್ನು ಬರೆದವನು ನಾನೇ.

ನಗರಸಭೆ ಊರಿನ ಹನ್ನೆರಡು ಹಳೆಯ ಕಟ್ಟಡಗಳ ಮುಂದೆ ಚರಿತ್ರೆಯ ಫಲಕ ಹಾಕಿಸಲು ಹೊರಟಿತ್ತು. ಪತ್ರಿಕೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು, ಉದ್ದುದ್ದ ಬರೆಯುವುದಿಲ್ಲ ಎಂಬ ಕಾರಣಕ್ಕೆ ಬರವಣಿಗೆ ನನಗೆ ಬಂತು. ಒಂಬತ್ತನೆಯ ಕಟ್ಟಡ ಕಾಲುವೆ ದಂಡೆಯ ಹಂಚಿನ ಗೋದಾಮು. ಐವತ್ತು ವರ್ಷದ ಹಿಂದೆ ಅದು ಪಬ್ಬಾಗಿತ್ತು ಎಂಬುದು ಈಗಿನ ಗೋದಾಮಿನವರಿಗೇ ಗೊತ್ತಿರಲಿಲ್ಲ. ಗೋಡೆಯಲ್ಲಿ ಉಳಿದಿದ್ದ ಹಿತ್ತಾಳೆ ಕೊಕ್ಕೆಗಳಿಗೆ ಅವರು ಛತ್ರಿ ನೇತುಹಾಕುತ್ತಿದ್ದರು.

ನಾನು ಬರೆದದ್ದರ ಸಾರ ಇಷ್ಟು. ಇಲ್ಲಿ ಇಪ್ಪತ್ತಾರು ವರ್ಷ ಒಂದು ಪಬ್ಬು ಇತ್ತು. ಕಾಲುವೆಯ ಕೆಲಸಗಾರರು ಸೇರುತ್ತಿದ್ದರು. ಪ್ರವಾಹದ ಸಂಜೆ ಆರು ಗಂಟೆಗೆ ಏರಿದ ನೀರನ್ನು ಹೊರಬಿಡಲು ಕಾಲುವೆಯ ಗೇಟು ಎತ್ತಬೇಕಾಗಿದ್ದವನು ಇಲ್ಲಿ ಕುಡಿಯುತ್ತ ಕುಳಿತು ತಡಮಾಡಿದ. ಕೆಳಗಿನ ಬೀದಿ ಮುಳುಗಿ, ನೆಲಮಾಳಿಗೆಯಲ್ಲಿದ್ದ ಇಬ್ಬರು ಹಮಾಲರು ಸತ್ತರು. ಮರುವರ್ಷ ಪಬ್ಬು ಮುಚ್ಚಿತು.

ಇದಕ್ಕೆ ಮೂರು ಆಧಾರಗಳಿದ್ದವು: ನಮ್ಮದೇ ಪತ್ರಿಕೆಯ ಅಂದಿನ ವರದಿ, ಕಾಲುವೆ ಇಲಾಖೆಯ ವಿಚಾರಣೆಯ ಸಾರಾಂಶ, ನಗರಸಭೆಯ ಸ್ಮರಣ ಸಂಚಿಕೆ. ಆತ ತಡಮಾಡಿದ ಎಂದು ಮೂರೂ ಹೇಳುತ್ತಿದ್ದವು. ಕರಡುಗಳನ್ನು ನಗರಸಭೆಯ ಬಾಗಿಲಲ್ಲಿ ಅಂಟಿಸಿದರು. ಶನಿವಾರ ಪೇಂಟರ್ ಬರೆಯಲು ಶುರುಮಾಡಬೇಕಿತ್ತು.

ಮಂಗಳವಾರ ಬೆಳಿಗ್ಗೆ ಒಬ್ಬ ಹೆಂಗಸು ನಮ್ಮ ಪತ್ರಿಕೆಯ ಕಚೇರಿಗೆ ಬಂದರು. ಅರವತ್ತೈದರ ಆಚೆಯ ವಯಸ್ಸು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಹೊಲಿಗೆ ಕಲಿಸುವ ಟೀಚರ್ ಎಂದು ಊರಿಗೆಲ್ಲ ಗೊತ್ತು. ಅವರು ಆ ಗೇಟಿನವನ ಮಗಳು ಎಂಬುದು ನನಗೆ ಗೊತ್ತಿರಲಿಲ್ಲ.

"ನಲವತ್ತು ಪದದಲ್ಲಿ ಅರ್ಧ ನಮ್ಮಪ್ಪನಿಗೇ ಖರ್ಚು ಮಾಡಿದ್ದೀರಿ," ಎಂದರು.

ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಡ್ಯೂಟಿ ಇದ್ದ ದಿನ ನಮ್ಮಪ್ಪ ಮುಟ್ಟಿದವರಲ್ಲ. ಆರಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಪಬ್ಬಿಂದ ಎದ್ದು ಹೋಗಿದ್ರು. ಗೇಟು ಅರ್ಧಕ್ಕೆ ಸಿಕ್ಕಿಹಾಕ್ಕೊಳ್ತು, ಅದನ್ನೆತ್ತೋ ಹಲ್ಲುಚಕ್ರ ತುಕ್ಕು ಹಿಡಿದಿತ್ತು. ಸಾಯೋತನಕ ಅದನ್ನೇ ಹೇಳಿದ್ರು. ಆ ಪಬ್ಬಿನ ಯಜಮಾನ, ಗಡಿಬಿಡಿಯಣ್ಣ ಅಂತಿದ್ರಲ್ಲ, ಅವನು, ನಮ್ಮಪ್ಪ ಎದ್ದಿದ್ದು ಆರು ಹತ್ತಕ್ಕೆ ಅಂತ ಸುಳ್ಳು ಸಾಕ್ಷಿ ಹೇಳಿದ."

"ಸುಳ್ಳು ಯಾಕೆ ಹೇಳಬೇಕಿತ್ತು, ಟೀಚರ್?"

"ಅವನನ್ನೇ ಕೇಳಬೇಕಿತ್ತು. ಈಗ ಯಾರನ್ನ ಕೇಳ್ತೀರಿ, ಮಣ್ಣನ್ನಾ?"

ದಾಖಲೆ ಇದ್ದರೆ ಬದಲಾಯಿಸಬಹುದು, ಮನೆಯವರ ಮಾತಿನ ಮೇಲೆ ಆಗುವುದಿಲ್ಲ ಎಂದೆ. ಹೀಗೆ ಹೇಳಿ ನನಗೆ ಅಭ್ಯಾಸ.

"ದಾಖಲೆ ಹುಡುಕೋದು ನಿಮ್ಮ ಕಸುಬಲ್ವಾ? ನನ್ನ ಹೊಲಿಗೆ ಸೊಟ್ಟ ಆದ್ರೆ ನಾನೇ ಬಿಚ್ಚಿ ಮತ್ತೆ ಹಾಕ್ತೀನಿ. ಬಟ್ಟೆ ತಂದವರಿಗೆ ನೀವೇ ಬಿಚ್ಕೊಂಡು ಬನ್ನಿ ಅನ್ನಲ್ಲ." ಬಾಗಿಲ ತನಕ ಹೋಗಿ ತಿರುಗಿದರು. "ಐವತ್ತೊಂದು ವರ್ಷ ಜನ ಬಾಯಲ್ಲಿ ಆಡ್ಕೊಂಡ್ರು. ಬಾಯಿ ಮಾತು, ಗಾಳಿಗೆ ಹೋಯ್ತು. ನೀವು ತಗಡಿನ ಮೇಲೆ ಬರೆಸ್ತಿದ್ದೀರಿ. ನನ್ನ ಮೊಮ್ಮಗಳು ದಿನಾ ಆ ದಾರೀಲೇ ಶಾಲೆಗೆ ಹೋಗ್ತಾಳೆ."

ಅವರು ಹೋದ ಮೇಲೆ ನನ್ನ ಮೂರು ಆಧಾರಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಸ್ಮರಣ ಸಂಚಿಕೆಯವರು ನಮ್ಮ ವರದಿಯನ್ನು ಅಲ್ಪವಿರಾಮ ಸಮೇತ ಎತ್ತಿಕೊಂಡಿದ್ದರು. ನಮ್ಮ ವರದಿಗೆ ಮೂಲ, ವಿಚಾರಣೆಯ ಸಾರಾಂಶ. ಸಾರಾಂಶಕ್ಕೆ ಮೂಲ, ಪಬ್ಬಿನ ಯಜಮಾನನ ಒಂದು ಹೇಳಿಕೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ ಇದು: ಒಂದೇ ಬಾಯಿಂದ ಮೂವರು ಕೇಳಿಸಿಕೊಂಡರೆ ಅದು ಮೂರು ಸಾಕ್ಷಿಯಲ್ಲ. ನಾನು ಮೂರೆಂದು ಎಣಿಸಿದ್ದೆ.

ಕಾಲುವೆ ಇಲಾಖೆ ಮುಚ್ಚಿ, ಅದರ ಕಡತಗಳೆಲ್ಲ ನಗರಸಭೆಯ ದಾಖಲೆ ಕೋಣೆಗೆ ಬಂದಿವೆ. ಅಲ್ಲಿನ ಗುಮಾಸ್ತರು ನನ್ನ ಚೀಟಿ ನೋಡಿ ಕನ್ನಡಕ ಹಣೆಗೇರಿಸಿದರು.

"ಐವತ್ತೊಂದು ವರ್ಷದ ಹಿಂದಿನದಾ? ಇಲಿ ತಿಂದಿಲ್ಲ ಅಂದ್ರೆ ಇದೆ. ತಿಂದಿದ್ರೆ ಆ ಇಲೀನ ಹಿಡ್ಕೊಡ್ತೀನಿ."

ಇಲಿ ತಿಂದಿರಲಿಲ್ಲ. ಹೇಳಿಕೆ ಒಂದೂವರೆ ಪುಟ, ಕೊನೆಯಲ್ಲಿ ಯಜಮಾನನ ಸಹಿ. ಮುಖ್ಯ ಸಾಲುಗಳನ್ನು ಇದ್ದ ಹಾಗೇ ಬರೆದುಕೊಂಡೆ: 'ಆ ಸಂಜೆ ಆತ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದ. ಚಹಾ ಕುಡಿದ. ನಮ್ಮ ಗೋಡೆ ಗಡಿಯಾರದಲ್ಲಿ ಆರು ಹೊಡೆದು ಹತ್ತು ನಿಮಿಷಕ್ಕೆ ಎದ್ದ. ಗೇಟಿಗೆ ಮೂರು ನಿಮಿಷದ ದಾರಿ.'

ಮದ್ಯದ ಮಾತು ಹೇಳಿಕೆಯಲ್ಲಿಲ್ಲ, ಸಾರಾಂಶದಲ್ಲೂ ಇಲ್ಲ. ಪಬ್ಬಿನಲ್ಲಿ ಕುಳಿತವನು ಇನ್ನೇನು ಮಾಡಿಯಾನು ಎಂದು ಅದನ್ನು ಸೇರಿಸಿದ್ದು ನಮ್ಮ ಪತ್ರಿಕೆ. ಆದರೆ ಆರು ಹತ್ತು ಆರು ಹತ್ತೇ. ಆತ ಆರರ ನಂತರ ಗೇಟಿಗೆ ಓಡಿ, ನೀರಿನ ಒತ್ತಡ ಏರಿದ ಮೇಲೆ ಅವಸರದಲ್ಲಿ ಎಳೆದದ್ದರಿಂದಲೇ ಚಕ್ರ ಸಿಕ್ಕಿಕೊಂಡಿತು ಎಂಬುದು ವಿಚಾರಣೆಯ ತೀರ್ಮಾನ.

ಟೀಚರ್‌ಗೆ ಫೋನ್ ಮಾಡಿದೆ. 'ಕುಡಿಯುತ್ತ' ಎಂಬುದನ್ನು ತೆಗೆಯುತ್ತೇನೆ, 'ತಡಮಾಡಿದ' ಎಂಬುದು ಸದ್ಯಕ್ಕೆ ಉಳಿಯುತ್ತದೆ ಎಂದೆ.

"ಅಂದ್ರೆ ಕುಡಿದು ಕೊಂದವನಲ್ಲ, ಕುಡೀದೇ ಕೊಂದವನು," ಎಂದು ಫೋನ್ ಇಟ್ಟರು.

ಬುಧವಾರ ಲಾಂಡ್ರಿಗೆ ಹೋದೆ. ಬಸ್ ನಿಲ್ದಾಣದ ಹಿಂದಿನ ಈ ಲಾಂಡ್ರಿ ನಡೆಸುವಾಕೆ ಗಡಿಬಿಡಿಯಣ್ಣನ ಒಬ್ಬಳೇ ಮಗಳು. ಪ್ರವಾಹದ ವರ್ಷ ಅವರಿಗೆ ಹನ್ನೊಂದು. ಇಸ್ತ್ರಿ ಮೇಜಿನ ಮೇಲೆ ಆಸ್ಪತ್ರೆಯ ಬಿಳಿ ಹಾಸುಗಳ ರಾಶಿಯಿತ್ತು.

"ಪಬ್ಬಿನ ಚರಿತ್ರೆನಾ? ಬರ್ಕೊಳ್ಳಿ. ನಿಜ ಹೇಳಿದ್ದಕ್ಕೆ ಮುಚ್ಚಿಹೋದ ಪಬ್ಬು." ಇಸ್ತ್ರಿ ನಿಲ್ಲಲಿಲ್ಲ. "ಕಾಲುವೆಯವರು ಒಬ್ಬೊಬ್ರೇ ಬರೋದು ನಿಲ್ಲಿಸಿದ್ರು. ಇಪ್ಪತ್ತೈದು ವರ್ಷದ ಗಿರಾಕಿಗಳು ರಸ್ತೆ ದಾಟಿ ಆ ಕಡೆಯಿಂದ ಹೋಗೋರು. ಎಂಟು ತಿಂಗಳು ಅಪ್ಪ ಖಾಲಿ ಬೆಂಚು ಒರೆಸಿದ್ರು. ನಾನೇನು ಇಲ್ಲದ್ದು ಹೇಳಿದೆನಾ, ಕಂಡದ್ದು ಹೇಳಿದೆ ಅಂತಿದ್ರು. ಅಷ್ಟೇ, ಮತ್ತೆ ಬಾಯಿ ಬಿಡಲಿಲ್ಲ."

ಅವರ ಸಿಟ್ಟು ತಣಿಯಲಿ ಎಂದು ಸುಲಭದ ಪ್ರಶ್ನೆ ಕೇಳಿದೆ. "ಅಪ್ಪ ತುಂಬ ಅವಸರದ ಮನುಷ್ಯರೇನೋ? ಗಡಿಬಿಡಿಯಣ್ಣ ಅಂತ ಹೆಸರು ಬಿದ್ದಿತ್ತಲ್ಲ."

ಅವರು ನಕ್ಕುಬಿಟ್ಟರು. "ನಮ್ಮಪ್ಪನಾ? ಮನೆಗೆ ಬೆಂಕಿ ಬಿದ್ರೂ ಚಪ್ಪಲಿ ಹುಡುಕಿ, ಧೂಳು ಕೊಡವಿ ಹಾಕ್ಕೊಂಡು ಹೊರಡೋ ಆಸಾಮಿ. ಆ ಹೆಸರು ಅವರದ್ದಲ್ಲ, ಗಡಿಯಾರದ್ದು. ಗೋಡೆ ಗಡಿಯಾರ ಯಾವಾಗಲೂ ಕಾಲು ಗಂಟೆ ಮುಂದೆ ಇರೋದು. ಮುಚ್ಚೋ ಹೊತ್ತಿಗೆ ಯಾರೂ ಒಂದೇ ಮಾತಿಗೆ ಏಳ್ತಿರಲಿಲ್ಲ ನೋಡಿ. 'ಟೈಮಾಯ್ತು, ಟೈಮಾಯ್ತು' ಅಂತ ಅಪ್ಪ ಗಡಿಯಾರ ತೋರಿಸೋದು, ಅವರು ಗೊಣಗ್ತಾ ಏಳೋದು. ಎದ್ದು ಹೊರಗೆ ಹೋಗೋಷ್ಟರಲ್ಲಿ ಸರಿಯಾದ ಟೈಮು."

"ಗಿರಾಕಿಗಳಿಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ಲದೆ ಏನು! ಊರಿಗೇ ಗೊತ್ತಿತ್ತು. ಆದ್ರೆ ಒಳಗೆ ಆ ಮಾತು ಎತ್ತೋ ಹಾಗಿಲ್ಲ. ಗಡಿಯಾರ ಮುಂದಿದೆ ಅಂತ ಯಾರಾದ್ರೂ ಅಂದ್ರೆ ಅವತ್ತು ಅವನು ಎಲ್ಲರ ಲೋಟ ತೊಳೀಬೇಕು. ಹಾಗಾಗಿ ಎಲ್ಲರೂ ಮನಸ್ಸಲ್ಲೇ ಕಾಲು ಗಂಟೆ ಕಳೆದು ಓದೋರು. ಅಪ್ಪನೂ ಅಷ್ಟೇ, ಕೇಳಿದವರಿಗೆಲ್ಲ ಗಡಿಯಾರದ್ದೇ ಟೈಮು ಹೇಳೋರು, ಮುಖ ಗಂಭೀರ ಮಾಡ್ಕೊಂಡು."

ನಾನು ಚೀಲದಿಂದ ಹೇಳಿಕೆಯ ನಕಲು ತೆಗೆದು ಹಾಸಿನ ಮೇಲಿಟ್ಟೆ. 'ನಮ್ಮ ಗೋಡೆ ಗಡಿಯಾರದಲ್ಲಿ' ಎಂಬಲ್ಲಿ ಅವರ ಬೆರಳು ನಿಂತಿತು. ಇನ್ನೊಂದು ಕೈ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿತು.

"ವಿಚಾರಣೆಗೆ ಬಂದ ಅಧಿಕಾರಿ ಬೇರೆ ಊರಿನವರು," ಎಂದರು. "ಅವರಿಗೆ ಕಾಲು ಗಂಟೆ ಕಳೀಬೇಕು ಅಂತ ಯಾರು ಹೇಳಿದ್ರು? ಯಾರೂ ಹೇಳಲಿಲ್ಲ."

ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆದಿತ್ತು. ಹೊರಗೆ ಬಂದದ್ದು 'ಆರು ಹತ್ತು' ಎಂಬ ತೀರ್ಮಾನ ಮಾತ್ರ. ಗೇಟಿನಾತ ಬೇಗ ಎದ್ದದ್ದನ್ನು ಕಂಡಿದ್ದ ಗಿರಾಕಿಗಳು ಯಜಮಾನ ಸುಳ್ಳು ಹೇಳಿದನೆಂದು ಅಂಗಡಿ ಬಿಟ್ಟರು. ಗಡಿಯಾರದಲ್ಲಿ ಕಂಡದ್ದನ್ನೇ ಹೇಳಿದ್ದ ಯಜಮಾನ, ಸಾಕ್ಷಿ ಹೇಳಿದ್ದೇ ಇವರಿಗೆ ಸಿಟ್ಟೆಂದುಕೊಂಡ. ಹೀಗೆ ನಡೆದಿರಬೇಕು ಎಂಬುದು ನನ್ನ ಊಹೆ. ಆದರೆ ಗೇಟಿನಾತನಿಗೇ ಗಡಿಯಾರದ ನೆನಪು ಏಕೆ ಆಗಲಿಲ್ಲ? ಆರು ಹತ್ತು ಆ ಗಡಿಯಾರದ್ದೆಂದು ಆತನಿಗೆ ತಿಳಿದೇ ಇರಲಿಕ್ಕಿಲ್ಲ. ಆತನ ಕೈಗೆ ಬಂದದ್ದು ವಜಾ ಪತ್ರ ಮಾತ್ರ, ಹೇಳಿಕೆಯ ನಕಲು ಕೊಟ್ಟ ಗುರುತು ಕಡತದಲ್ಲಿಲ್ಲ.

ಹನ್ನೊಂದು ವರ್ಷದ ಹುಡುಗಿಯ ನೆನಪು ದಾಖಲೆಯಲ್ಲ. ಗುರುವಾರ ಮತ್ತೆ ದಾಖಲೆ ಕೋಣೆಗೆ ಹೋಗಿ ಪಬ್ಬಿನ ಪರವಾನಗಿಯ ಕಡತ ಕೇಳಿದೆ. ಮಧ್ಯಾಹ್ನ ಮೂರರ ಸುಮಾರಿಗೆ ಸಿಕ್ಕಿತು. ಪ್ರವಾಹಕ್ಕೆ ನಾಲ್ಕು ತಿಂಗಳು ಮೊದಲು ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಹಸಿರು ಶಾಯಿಯಲ್ಲಿ ಬರೆದಿದ್ದ: 'ಗೋಡೆ ಗಡಿಯಾರ ಹದಿನೈದು ನಿಮಿಷ ಮುಂದಿದೆ. ಗಿರಾಕಿಗಳನ್ನು ಸಮಯಕ್ಕೆ ಹೊರಡಿಸಲು ಹಾಗಿಟ್ಟಿರುವುದಾಗಿ ಮಾಲೀಕರ ವಿವರಣೆ. ಆಕ್ಷೇಪಣೆ ಇಲ್ಲ.'

ಶುಕ್ರವಾರ ಟೀಚರನ್ನು ಕರೆದುಕೊಂಡು ಲಾಂಡ್ರಿಗೆ ಹೋದೆ. ಒಂದೇ ಊರಿನಲ್ಲಿ ಇಷ್ಟು ವರ್ಷ ಇದ್ದೂ ಅವರು ಆ ಹೊಸ್ತಿಲು ತುಳಿದಿರಲಿಲ್ಲ.

"ನಿಮ್ಮಲ್ಲಿಗೆ ನಾನು ಒಂದು ಕರವಸ್ತ್ರಾನೂ ಒಗೆಯೋಕೆ ಕೊಟ್ಟಿಲ್ಲ," ಎಂದರು ಟೀಚರ್, ನಿಂತಲ್ಲಿಂದಲೇ.

"ಗೊತ್ತು. ನನ್ನ ಮಗಳನ್ನ ನಿಮ್ಮ ಕ್ಲಾಸಿಗೆ ನಾನೂ ಕಳಿಸಿಲ್ಲ. ಇವತ್ತಿಗೂ ಗುಂಡಿ ಹಾಕೋಕೆ ಬರಲ್ಲ ಅವಳಿಗೆ."

ಎರಡು ಕಾಗದಗಳನ್ನೂ ಟೀಚರ್ ಮುಂದಿಟ್ಟೆ. ಓದಿದರು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

"ಹಾಗಾದ್ರೆ ಅವರು ಸುಳ್ಳು ಹೇಳಲಿಲ್ಲ," ಎಂದರು ಕೊನೆಗೆ.

"ಇಲ್ಲ. ಆದ್ರೆ ಹೇಳಬೇಕಾದ್ದು ಪೂರ್ತಿ ಹೇಳಲಿಲ್ಲ," ಎಂದರು ಲಾಂಡ್ರಿಯಾಕೆ. ಅದನ್ನು ಹೇಳುವುದು ಅವರಿಗೆ ಸುಲಭವಿರಲಿಲ್ಲ.

ಟೀಚರ್ ನನ್ನ ಕಡೆ ತಿರುಗಿದರು. "ಬರೀರಿ ಮತ್ತೆ. ನಮ್ಮಪ್ಪ ನಿರಪರಾಧಿ ಅಂತ ಬರೀರಿ."

"ಹಾಗೆ ಬರೆಯೋಕಾಗಲ್ಲ, ಟೀಚರ್. ಇನ್‌ಸ್ಪೆಕ್ಟರ್ ಟಿಪ್ಪಣಿ ನಾಲ್ಕು ತಿಂಗಳ ಹಿಂದಿನದು, ಆ ಸಂಜೆಯದಲ್ಲ. ಚಕ್ರಕ್ಕೆ ತುಕ್ಕು ಹಿಡಿದಿತ್ತಾ ಅಂತ ಯಾರೂ ಪರೀಕ್ಷೆ ಮಾಡಿಲ್ಲ, ಅದನ್ನ ಆ ತಿಂಗಳೇ ಗುಜರಿಗೆ ಹಾಕಿದ್ದಾರೆ."

"ಒಂದು ಹಾಳು ಗಡಿಯಾರ ನಂಬಿ ನಮ್ಮಪ್ಪನ್ನ ಅಪರಾಧಿ ಅಂದ್ರು. ನಿಮಗೆ ಎರಡು ಕಾಗದ ಸಾಲಲ್ವಾ?"

ನ್ಯಾಯವಾದ ಪ್ರಶ್ನೆ. ನನ್ನ ಬಳಿ ಇದ್ದದ್ದು ಹಳೆಯ ಉತ್ತರವೇ. "ವಿಚಾರಣೆಯವರು ಮಾಡಿದ ತಪ್ಪನ್ನೇ ನಾನು ಈ ಕಡೆಯಿಂದ ಮಾಡಿದ ಹಾಗಾಗುತ್ತೆ. ನಾಳೆ ಯಾರಾದ್ರೂ ಆಧಾರ ಎಲ್ಲಿ ಅಂದ್ರೆ, ಆ ತಗಡನ್ನೇ ಕಿತ್ತುಹಾಕ್ತಾರೆ. ಕಾಗದದಲ್ಲಿ ಏನಿದೆಯೋ ಅಷ್ಟನ್ನ ಬರೆದ್ರೆ ಯಾರೂ ಕೀಳೋಕಾಗಲ್ಲ."

ಟೀಚರ್ ಹೊರಗೆ ನೋಡುತ್ತ ನಿಂತರು. ಅವರ ಕಣ್ಣು ತುಂಬಿದ್ದನ್ನು ಲಾಂಡ್ರಿಯಾಕೆ ನೋಡಿ, ಸ್ಟೂಲು ಎಳೆದು ಕೊಟ್ಟರು.

"ಕೂತ್ಕೊಳ್ಳಿ ಅಕ್ಕಾ. ಎರಡನ್ನೂ ಬರೀಲಿ, ಆರು ಹತ್ತು ಅನ್ನೋದನ್ನೂ, ಕಾಲು ಗಂಟೆ ಅನ್ನೋದನ್ನೂ. ನಮ್ಮಪ್ಪನ ಹೆಸರಿಗೆ ಸ್ವಲ್ಪ ಮಸಿ ಹತ್ತಿದ್ರೆ ಹತ್ಲಿ. ನಾನು ಒಗೆಯೋಳೇ ತಾನೇ."

ಟೀಚರ್ ಕುಳಿತರು. "ಸರಿ. ಆದ್ರೆ ಓದಿದವರಿಗೆ ಅರ್ಥ ಆಗಬೇಕಲ್ಲ? ಲೆಕ್ಕ ಯಾರು ಹಾಕ್ತಾರೆ ದಾರೀಲಿ ನಿಂತು?" ಎಂದರು.

ಅದಕ್ಕೆ ನಾನು ಭರವಸೆ ಕೊಡಲಿಲ್ಲ.

ಶನಿವಾರ ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿ ಬಂತು, ಏಳನೆಯ ಪುಟ, ಕೆಳಗೆ ಎಡಕ್ಕೆ. ಅದನ್ನು ನೋಡಿ ಫೋನ್ ಮಾಡಿದವರು ಒಬ್ಬರೇ, ಅವರೂ ಪಕ್ಕದ ಪದಬಂಧದಲ್ಲಿ ತಪ್ಪಿದೆ ಎಂದರು. ಹತ್ತು ಗಂಟೆಗೆ ಪೇಂಟರ್ ಅಂಗಡಿಗೆ ಹೋದಾಗ ಟೀಚರೂ ಲಾಂಡ್ರಿಯಾಕೆಯೂ ಆಗಲೇ ಬಂದು ಬಾಗಿಲ ಬಳಿ ನಿಂತಿದ್ದರು, ಒಬ್ಬರಿಗೊಬ್ಬರು ಎರಡು ಮೊಳ ದೂರದಲ್ಲಿ.

ಪೇಂಟರ್ ಬೇರೆ ಕಡೆಯಿಂದ ಬಂದು ಎರಡು ವರ್ಷವಾಗಿತ್ತು. ಪ್ರವಾಹದ ಕಥೆಯನ್ನು ಅವನು ಕೇಳಿದವನಲ್ಲ, ಈ ಇಬ್ಬರು ಯಾರೆಂದೂ ತಿಳಿಯದು. ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನನ್ನ ಚೀಟಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯತೊಡಗಿದ.

"ಗೇಟನ್ನು ಆರು ಗಂಟೆಗೆ ಎತ್ತಬೇಕಿತ್ತು... ಗೇಟಿನವರು ಈ ಪಬ್ಬಿನಿಂದ ಆರು ಹತ್ತಕ್ಕೆ ಹೊರಟರೆಂದು ಇಲ್ಲಿನ ಗಡಿಯಾರದ ಆಧಾರದ ಮೇಲೆ ತೀರ್ಮಾನಿಸಿ ಅವರನ್ನು ವಜಾ ಮಾಡಲಾಯಿತು... ನಾಲ್ಕು ತಿಂಗಳು ಮೊದಲಿನ ತಪಾಸಣೆಯಲ್ಲಿ ಈ ಗಡಿಯಾರ ಹದಿನೈದು ನಿಮಿಷ ಮುಂದಿತ್ತು..."

ಕುಂಚ ಗಾಳಿಯಲ್ಲೇ ನಿಂತಿತು. ಅವನು ಚೀಟಿಯನ್ನು ಮತ್ತೊಮ್ಮೆ ನೋಡಿದ. ತುಟಿ ಅಲ್ಲಾಡಿತು.

"ಅಲ್ಲಾ ಸಾರ್," ಎಂದ, "ಹಂಗಾದ್ರೆ ಅವನು ಆರಕ್ಕೆ ಮೊದಲೇ ಹೋಗಿದ್ನಲ್ಲ! ಪಾಪ, ಸುಮ್ಸುಮ್ನೆ ಕೆಲಸದಿಂದ ತೆಗೆದ್ರಾ?"

ನಾನು ಟೀಚರ್ ಕಡೆ ನೋಡಿದೆ.

"ಹೌದಪ್ಪಾ," ಎಂದರು ಟೀಚರ್. "ಮೊದಲೇ ಹೋಗಿದ್ರು."

"ಛೇ," ಎಂದ ಪೇಂಟರ್. ಕುಂಚವನ್ನು ಡಬ್ಬಿಯಲ್ಲಿ ಅದ್ದಿ, ಅಂಚಿಗೆ ಒರೆಸಿ, ಮುಂದಿನ ಅಕ್ಷರಕ್ಕೆ ಹೋದ.