ಐದು ಎಂ.ಎಂ. ಪೈಪು

"ಇನ್ನೊಮ್ಮೆ ತೂಗು. ನಿನ್ನ ಕಾಟಾ ಎಲ್ಲೋ ತಪ್ಪೈತಿ," ಎಂದ ಈಶ್ವರ.

ಸಕ್ಕರೆ ಕಾರ್ಖಾನೆಯ ತೂಕದ ಕಾಟಾ ನೋಡಿಕೊಳ್ಳುವ ಬಾಳಾಸಾಬನಿಗೆ ಈ ಮಾತು ಹೊಸದಲ್ಲ. ಕಬ್ಬು ಹೇರಿಕೊಂಡು ಬಂದವರೆಲ್ಲ ಹೇಳುವುದು ಇದನ್ನೇ. ಆದರೆ ಅವರೆಲ್ಲ ತೂಕ ಕಡಿಮೆ ಬಂತೆಂದು ಜಗಳ ತೆಗೆಯುವವರು. ಹೆಚ್ಚು ಬಂತೆಂದು ಜಗಳಕ್ಕೆ ನಿಂತವನನ್ನು ಅವನು ಇದೇ ಮೊದಲು ನೋಡುತ್ತಿದ್ದ. ಕಾರ್ಖಾನೆ ಶುರುವಾಗಲು ಇನ್ನೂ ಮೂರು ವಾರವಿತ್ತು, ಬೇರೆ ಕೆಲಸವಿರಲಿಲ್ಲ. ಖುಷಿಯಿಂದಲೇ ಇನ್ನೊಮ್ಮೆ ತೂಗಿದ. ಅಂಕಿಗಳು ಕುಣಿದು ಕುಣಿದು ಮತ್ತೆ ಅಲ್ಲೇ ಬಂದು ನಿಂತವು: ಒಂಬೈನೂರಾ ಹತ್ತು ಕಿಲೋ.

"ಡಿಕ್ಕಿ ಒಳಗ ಕಬ್ಬು ಹೇರೀರೇನ್ರಿ ಸಾವಕಾರ್ರ?"

ಈಶ್ವರ ನಗಲಿಲ್ಲ. ಏಪ್ರಿಲಿನಲ್ಲಿ ಇದೇ ಕಾಟಾದ ಮೇಲೆ ಇದೇ ಎಸ್ಟೀಮ್ ಕಾರು ಎಂಟುನೂರಾ ಎಪ್ಪತ್ತು ತೂಗಿತ್ತು. ಆಮೇಲೆ ಆರು ತಿಂಗಳು ಮನೆಯ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಅವನು ಅದರ ಮೈಮೇಲೆ ಒಂದು ದಾರವನ್ನೂ ಉಳಿಸಿರಲಿಲ್ಲ. ಎ.ಸಿ. ಹೋಗಿತ್ತು, ನೆಲದ ಚಾಪೆ ಹೋಗಿತ್ತು, ಬಾಗಿಲುಗಳ ಒಳಮೈ ಹೋಗಿತ್ತು. ಹಿಂದಿನ ಸೀಟು ಪಡಸಾಲೆ ಸೇರಿತ್ತು. ಅವನ ತಾಯಿ ಗಿರಿಜವ್ವ ಅದರ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ಹೆಂಡತಿ ದೀಪಾಲಿ ಮಾತ್ರ, "ಗಾಡೀದು ಎಲ್ಲಾ ಬಿಚ್ಚಿದ್ರಿ. ಇನ್ನ ನಿಮ್ಮ ಹೊಟ್ಟಿ ಒಂದ ಬಿಚ್ಚೂದು ಉಳದೈತಿ," ಎಂದು ರೊಟ್ಟಿಯ ಲೆಕ್ಕ ನಾಲ್ಕರಿಂದ ಎರಡಕ್ಕೆ ಇಳಿಸಿದ್ದಳು.

ಏಕಸಂಬಿಯಲ್ಲಿ ಹನ್ನೆರಡು ಎಕರೆ ಕಬ್ಬು ಬೆಳೆಯುವ ಮೂವತ್ತೆಂಟು ವರ್ಷದ ಗಂಡಸು ಇದ್ದ ಒಂದು ಕಾರನ್ನು ಹೀಗೆ ಬಿಚ್ಚಿ ಹಾಕುವುದನ್ನು ಊರು ಹುಚ್ಚೆಂದಿತು. ಹುಚ್ಚೇ ಇರಬಹುದು. ಓಟದ ಶರ್ಯತ್ತಿನ ಎತ್ತಿಗೆ ಬಾದಾಮಿ ನೆನೆಸಿ ತಿನ್ನಿಸುವವರು ಅದೇ ಊರಿನಲ್ಲಿ ಹತ್ತು ಜನ ಇದ್ದಾರೆ, ಅವರನ್ನು ಮಾತ್ರ ಯಾರೂ ಹುಚ್ಚರೆನ್ನುವುದಿಲ್ಲ. ಹೋದ ವರ್ಷ ಕೊಲ್ಲಾಪುರದ ಮೈದಾನದಲ್ಲಿ ನಡೆದ ಹವ್ಯಾಸಿಗಳ ಕಾರ್ ರೇಸಿಗೆ ಈಶ್ವರ ಇದೇ ಕಾರನ್ನು ಇದ್ದಹಾಗೇ ಒಯ್ದು ಎಲ್ಲರಿಗಿಂತ ಕೊನೆಗೆ ಬಂದಿದ್ದ. ಅಂದಿನಿಂದ ಅವನಿಗೆ ಬೇಕಾಗಿದ್ದುದು ಒಂದೇ: ಈ ಸಲ ಕೊನೆಗೆ ಬರಬಾರದು. ಮೊದಲ ಆರರಲ್ಲಿ ಬಂದರಂತೂ ಊರಿಗೆಲ್ಲ ಪೇಡೆ ಹಂಚುವುದು ಎಂದುಕೊಂಡಿದ್ದ. ರೇಸು ಬರುವ ಭಾನುವಾರ, ಅಂದರೆ ಇನ್ನು ನಾಲ್ಕೇ ದಿನ.

ನೂರಾ ಮೂವತ್ತು ಕಿಲೋ ಬಿಚ್ಚಿದ ಮೇಲೂ ನಲವತ್ತು ಏರಿದೆಯೆಂದರೆ ಕಳ್ಳ ಒಳಗೇ ಇರಬೇಕು. ಒಳಗೆ ಹೊಸದಾಗಿ ಸೇರಿದ್ದು ಒಂದೇ, ಕೇಜು. ಗಾಡಿ ಪಲ್ಟಿಯಾದರೆ ಛಾವಣಿ ತಲೆಯ ಮೇಲೆ ಕುಸಿಯದಂತೆ ಒಳಗಿನಿಂದ ಕೂಡಿಸುವ ಪೈಪಿನ ಪಂಜರ ಅದು. ಅದಿಲ್ಲದೆ ಈ ವರ್ಷ ಮೈದಾನದೊಳಗೆ ಬಿಡುವುದಿಲ್ಲವೆಂದು ನಿಯಮ. ಈಶ್ವರ ಆ ಕೆಲಸವನ್ನು ಊರಿನ ಮುರಗೆಪ್ಪನಿಗೆ ಒಪ್ಪಿಸಿದ್ದ. ಮುರಗೆಪ್ಪ ಮೂವತ್ತು ವರ್ಷದಿಂದ ಕಬ್ಬಿನ ಟ್ರೇಲರ್ ಕಟ್ಟುವವನು. ಅವನ ಬೆಸುಗೆ ಬಿಟ್ಟಿತೆಂದು ಯಾರೂ ಹೇಳಿದ್ದಿಲ್ಲ.

ಈಶ್ವರ ಟಾರ್ಚು ಹಿಡಿದು ಕಾರಿನೊಳಗೆ ತಲೆ ಹಾಕಿದ. ಬಣ್ಣ ಹೊಡೆದ ಮೇಲೆ ಚೆಂದ ಕಂಡಿತ್ತೇ ಹೊರತು ಅವನು ಎಣಿಸಿರಲಿಲ್ಲ. ಆರು ಪೈಪು ಇರಬೇಕಾದಲ್ಲಿ ಹನ್ನೊಂದು ಇದ್ದವು. ಮೂಲೆ ಮೂಲೆಗೂ ಅಂಗೈಯಗಲದ ತಗಡಿನ ಪಟ್ಟಿ. ಸಾಲದ್ದಕ್ಕೆ ಹಿಂದುಗಡೆ, ಟ್ರೇಲರ್ ಜೋಡಿಸುವಂಥದೊಂದು ಹುಕ್ಕು!

ನಿಪ್ಪಾಣಿಯ ತಾತ್ಯಾಸಾಹೇಬ ಹತ್ತು ವರ್ಷದಿಂದ ರೇಸು ಓಡಿಸುವವರು, ಈಶ್ವರನಿಗೆ ಈ ಚಟ ಹತ್ತಿಸಿದವರೂ ಅವರೇ. ಫೋನಿನಲ್ಲಿ ಎಲ್ಲವನ್ನೂ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೇ ಬಾಬಾ, ಇದ ತಗೊಂಡ ಬಂದರ ಮತ್ತ ಶೇವಟಚಾ ನಂಬರ್, ಕಡೀದು, ನಿಂದ. ಕೊಯ್ದ ಒಗಿ. ನನ್ನ ಕಡೆ ಹಗೂರ ಕೇಜ್ ಒಂದ ತಯಾರ ಐತಿ, ಶನಿವಾರ ಕೂಡಸೂಣು."

ಈಶ್ವರ ಅಲ್ಲಿಂದ ನೇರ ಮುರಗೆಪ್ಪನ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದ. ಮುರಗೆಪ್ಪ ಒಂದು ಟ್ರೇಲರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದ.

"ಕಾಕಾ, ಎಷ್ಟ ದಪ್ಪಂದು ಪೈಪ್ ಹಾಕೀದಿ?"

"ಐದ ಎಂ.ಎಂ.," ಎಂದಿತು ಕೆಳಗಿನಿಂದ ದನಿ, ಬಹಳ ಹೆಮ್ಮೆಯಿಂದ.

"ನಾ ಬರದ ಕೊಟ್ಟಿದ್ದು ಎರಡೂವರಿ!"

"ಅದು ಬರಿಯೂವಾಗ ತಪ್ಪಿರಬೇಕು ಅನ್ಕೊಂಡ್ನಿ ತಮ್ಮಾ. ಎರಡೂವರಿದು ಮಂದಿ ಅಂಗಳಕ್ಕ ಕಂಪೌಂಡ್ ಗೇಟ್ ಮಾಡ್ತಾರ."

"ಹುಕ್ ಯಾಕ?"

ಈಗ ಮುರಗೆಪ್ಪ ಹೊರಗೆ ಬಂದ. "ಅದು ಕೈ ರೂಢಿ ನೋಡು," ಎಂದು ತಲೆ ಕೆರೆದುಕೊಂಡ.

ಈಶ್ವರ ಬಾಯಿಗೆ ಬಂದಂತೆ ಬೈದ. ಆರು ತಿಂಗಳ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದ, ಮತ್ತೆ ಕೊನೆಗೆ ಬಂದರೆ ಊರಲ್ಲಿ ಮುಖ ಎತ್ತಿ ತಿರುಗುವುದು ಹೇಗೆಂದ. ಈಗಿಂದೀಗ ಎಲ್ಲವನ್ನೂ ಕೊಯ್ದು ತೆಗೆ ಎಂದ.  ಮುರಗೆಪ್ಪ ವೈರು ಎಳೆದು ತಂದು ಕಟರ್ ಜೋಡಿಸಿದ, ಕನ್ನಡಕ ಹಾಕಿದ, ಕಾರಿನೊಳಗೆ ಮಂಡಿಯೂರಿ ಕೂತ. ಕಟರ್ ಗುರ್ ಎಂದಿತು, ನಿಂತಿತು. ಮತ್ತೆ ಗುರ್ ಎಂದಿತು, ಮತ್ತೆ ನಿಂತಿತು.

"ನೀನ ಕೊಯ್ಯಪಾ," ಎಂದ ಮುರಗೆಪ್ಪ, ಕೆಳಗೆ ಇಳಿಯುತ್ತ. "ನನ್ನ ಕೈ ಏಳವಲ್ದು."

"ಯಾಕ?"

"ನಮ್ಮ ಅಣ್ಣಾಸಾಬನ ಟ್ರ್ಯಾಕ್ಟರಿಗೆ ತಲಿ ಮ್ಯಾಲಿನ ಟಾಪ್ ನಾನ ಮಾಡಿ ಕೊಟ್ಟಿದ್ನಿ. ಬರೇ ನೆಳ್ಳಿಗಷ್ಟ, ಸಾಕು ಅಂತ ಎರಡೂವರಿದು ಹಾಕಿದ್ನಿ."

ಅಣ್ಣಾಸಾಬ ಮುರಗೆಪ್ಪನ ಬೆನ್ನಿಗೆ ಬಿದ್ದ ತಮ್ಮ. ಒಂಬತ್ತು ವರ್ಷದ ಹಿಂದೆ ಕಾಲುವೆ ಏರಿಯ ಮೇಲೆ ಅವನ ಟ್ರ್ಯಾಕ್ಟರು ಮಗುಚಿದ್ದು, ಅವನು ಅಡಿಗೆ ಸಿಕ್ಕಿ ಸತ್ತದ್ದು ಈಶ್ವರನಿಗೂ ಗೊತ್ತಿತ್ತು. ಮಣ್ಣಿಗೆ ಹೋಗಿ ಬಂದಿದ್ದ. ಆ ಟಾಪು ಯಾರು ಮಾಡಿದ್ದೆಂದು ಮಾತ್ರ ಗೊತ್ತಿರಲಿಲ್ಲ. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲವೋ ಏನೋ.

"ಹಪ್ಪಳಧಂಗ ಮಡಚಿತ್ತು," ಎಂದ ಮುರಗೆಪ್ಪ. "ನೀ ಬಂದು, ಗಾಡಿ ಪಲ್ಟಿ ಆದರ ತಲಿ ಉಳೀಬೇಕು ಕಾಕಾ ಅಂದಿ. ಆ ಮಾತ ಕೇಳಿದ ಮ್ಯಾಲ ನಿನ್ನ ಚೀಟಿ ನನಗ ಕಾಣಲೇ ಇಲ್ಲ."

ಈಶ್ವರನ ಸಿಟ್ಟು ಇಳಿಯಿತು, ಆದರೆ ಅವನ ಆಸೆ ಇಳಿಯಲಿಲ್ಲ, ಅದೇ ಕಷ್ಟ. ಕಟರ್ ಕೈಗೆ ತೆಗೆದುಕೊಂಡ. ತಲೆಯ ಮೇಲಿನ ಪೈಪಿನ ಬೆಸುಗೆಯನ್ನು ಬೆರಳಿನಿಂದ ಸವರಿದ. ಎಲ್ಲೂ ಗಂಟಿಲ್ಲ, ಎಲ್ಲೂ ತೂತಿಲ್ಲ. ದುಡ್ಡು ಕೊಟ್ಟರೆ ಇಂಥ ಬೆಸುಗೆ ಬರುವುದಿಲ್ಲವೆಂದು ಅವನಿಗೆ ಆಗ ಅನಿಸಿತು. ಕಾರಿನ ಹಿಂದೆ ಹೋಗಿ, ಹುಕ್ಕೊಂದನ್ನೇ ಕೊಯ್ದು ಮುರಗೆಪ್ಪನ ಕೈಗಿತ್ತ.

"ಇಷ್ಟ ಸಾಕು. ರವಿವಾರ ನೀನೂ ಬಾ."

"ನಾ ಒಲ್ಲೆ. ನನಗ ನೋಡಾಕ ಆಗೂದಿಲ್ಲ," ಎಂದ ಮುರಗೆಪ್ಪ. ಭಾನುವಾರ ನಸುಕಿನಲ್ಲಿ ನೋಡಿದರೆ ಟವೆಲು ಹೆಗಲಿಗೆ ಹಾಕಿಕೊಂಡು ದೀಪಾಲಿಗಿಂತ ಮೊದಲೇ ಪಿಕಪ್ಪಿನಲ್ಲಿ ಕೂತಿದ್ದ.

ಕೊಲ್ಲಾಪುರದ ಮೈದಾನದಲ್ಲಿ ತಪಾಸಣೆಯವನು ಕೇಜಿಗೆ ಬೆರಳಿನಿಂದ ಬಡಿದು, ಬಗ್ಗಿ ನೋಡಿ, ತನ್ನ ಜೊತೆಗಾರರನ್ನೂ ಕರೆದು ತೋರಿಸಿದ. ನಕ್ಕರು, ಆದರೆ ಪಾಸು ಮಾಡಿದರು. ಹದಿನಾಲ್ಕು ಗಾಡಿ, ಒಂದೊಂದಾಗಿ ಓಟ, ಒಬ್ಬೊಬ್ಬರಿಗೆ ಎರಡೆರಡು ಸುತ್ತು, ಅದರಲ್ಲಿ ಕಡಿಮೆ ಹೊತ್ತಿನಲ್ಲಿ ಮುಗಿಸಿದ್ದು ಲೆಕ್ಕಕ್ಕೆ. ಈಶ್ವರನಿಗಿಂತ ಮುಂಚೆ ಓಡಿದ ಗಾಡಿಯೊಂದು ಮೂರನೇ ತಿರುವಿನಲ್ಲಿ ಎರಡು ಗಾಲಿ ಎತ್ತಿ, ಇನ್ನೇನು ಬಿತ್ತು ಎನ್ನುವಷ್ಟರಲ್ಲಿ ಮತ್ತೆ ನೆಲಕ್ಕೆ ಕೂತಿತು. ಅದನ್ನು ನೋಡಿದ್ದೇ ತಪ್ಪಾಯಿತು. ಈಶ್ವರ ತನ್ನ ಮೊದಲ ಸುತ್ತಿನಲ್ಲಿ ಆ ತಿರುವು ಇನ್ನೂ ಹತ್ತಾರು ಮಾರು ದೂರ ಇರುವಾಗಲೇ ಬ್ರೇಕು ತುಳಿದ. ಆಮೇಲಿನ ಎಲ್ಲ ತಿರುವಿನಲ್ಲೂ ತುಳಿದ. ಆ ಸುತ್ತಿನ ಲೆಕ್ಕದಲ್ಲಿ ಹದಿಮೂರನೆಯವನಾಗಿ ಬಂದ. ಹದಿನಾಲ್ಕನೆಯವನ ಗಾಡಿ ಶುರುವೇ ಆಗಿರಲಿಲ್ಲ.

"ಮೀ ಸಾಂಗಿತಲಂ ಹೋತಂ, ನಾ ಹೇಳಿರಲಿಲ್ಲಾ," ಎಂದು ತಾತ್ಯಾಸಾಹೇಬರು ಹೆಗಲು ತಟ್ಟಿ ಹೋದರು.

ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಈಶ್ವರ ಸ್ಟೇರಿಂಗಿನ ಮುಂದೆಯೇ ಕೂತಿದ್ದ. ಇಳಿಯಲು ನಾಚಿಕೆ. ದೀಪಾಲಿ ನೀರಿನ ಬಾಟಲಿ ಕೊಟ್ಟಳು, ಹೊಟ್ಟೆಯ ಮಾತು ತೆಗೆಯಲಿಲ್ಲ. ಅವಳ ಹಿಂದೆಯೇ ಬಂದ ಮುರಗೆಪ್ಪ ಕಿಟಕಿಯಿಂದ ಕೈ ಒಳಹಾಕಿ ಒಂದೊಂದೇ ಬೆಸುಗೆ ಮುಟ್ಟಿ ನೋಡಿದ.

"ತೂಕ ಭಾಳ ಆತು ಕಾಕಾ."

"ತೂಕ ಅಲ್ಲ. ನಾ ನೋಡಾಕತ್ತಿದ್ನಿ. ಹಿಂದಿನ ಕೆಂಪ ದೀಪ ತಿರುವು ಬರೂಕಿಂತ ಮೊದಲ ಹತ್ತತಿತ್ತು. ಯಾಕ?"

ಈಶ್ವರ ಸುಳ್ಳು ಹೇಳಬೇಕೆಂದುಕೊಂಡ. ಆಗಲಿಲ್ಲ. "ಅಂಜಿಕಿ ಬಂತು."

ಮುರಗೆಪ್ಪ ಅವನನ್ನೇ ನೋಡಿದ. ಆಮೇಲೆ ಅವನ ತಲೆಯ ಮೇಲಿನ ಪೈಪನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದವನಂತೆ ಜಗ್ಗಿದ. ಇಡೀ ಕಾರು ಅಲುಗಿತು, ಪೈಪು ಅಲುಗಲಿಲ್ಲ.

"ನನ್ನ ಅಂಜಿಕಿ ಎಲ್ಲಾ ಇದರಾಗ ಹಾಕೇನಿ," ಎಂದ. "ಮತ್ತ ನಿಂದೊಂದ ಯಾಕ? ಇನ್ನೊಂದ ಸುತ್ತ ಐತಿಲ್ಲ? ಹೊಡಿ ಜೋರ."

ಈಶ್ವರ ಹೆಲ್ಮೆಟ್ಟು ಹಾಕಿಕೊಂಡ. ಮುರಗೆಪ್ಪ ಜನರನ್ನು ಸರಿಸಿಕೊಂಡು ಮೂರನೇ ತಿರುವಿನ ಹತ್ತಿರ ಹೋಗಿ, ಕಟ್ಟಿದ ಹಗ್ಗ ಹಿಡಿದು ನಿಂತ. ಬಾವುಟ ಬಿತ್ತು. ಧೂಳು ಎದ್ದಿತು, ಎರಡು ತಿರುವು ದಾಟಿ ಕಾರು ಅವನ ಕಡೆಗೇ ಬಂತು, ಅವನನ್ನು ದಾಟಿತು. ಹಗ್ಗ ಬಿಡದೆ ಅವನು ಅದರ ಬೆನ್ನನ್ನೇ ನೋಡಿದ. ತಿರುವು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಕೆಂಪು ದೀಪ ಹತ್ತಲಿಲ್ಲ.