ಸ್ಟೇರಿಂಗ್ ಎಳೆದದ್ದು ಯಾರು?

ಸುಪ್ರಿಯಾ ಕಾರು ತಂದು ಮನೆ ಮುಂದೆ ನಿಲ್ಲಿಸುವ ಹೊತ್ತಿಗೆ ಸುದ್ದಿ ಅವಳಿಗಿಂತ ಮುಂಚೆಯೇ ಬಾಗೂರು ತಲುಪಿತ್ತು. ಪರಮೇಶನ ಹೆಂಡತಿ ಕುರಿ ಹಿಂಡಿನ ಮೇಲೆ ಗಾಡಿ ಹತ್ತಿಸಿದಳಂತೆ! ಕುರಿ ಸತ್ತಿತಂತೆ ಎಂದು ಒಬ್ಬರು, ಅಲ್ಲ, ಕುರಿಯವನಿಗೇ ಬಡಿಯಿತಂತೆ ಎಂದು ಇನ್ನೊಬ್ಬರು. ಸುದ್ದಿಗೇನು, ಅದಕ್ಕೆ ಬ್ರೇಕೂ ಇಲ್ಲ, ಲೈಸೆನ್ಸೂ ಬೇಕಿಲ್ಲ.

ನಡೆದದ್ದು ಇಷ್ಟು. ಸುಪ್ರಿಯಾಳ ಅತ್ತೆ ಹನುಮಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ತೋರಿಸಿ, ಸೋಮವಾರ ಒಂದು ಕಣ್ಣಿಗೆ ಆಪರೇಷನ್ ಎಂದು ಗೊತ್ತುಮಾಡಿಕೊಂಡು ಅತ್ತೆ ಸೊಸೆ ಇಬ್ಬರೇ ವಾಪಸು ಬರುತ್ತಿದ್ದರು. ಹೊಳಲ್ಕೆರೆ ದಾಟಿದ ಮೇಲೆ ಹೊಸದುರ್ಗದ ರಸ್ತೆಯಲ್ಲಿ ಎಡಗಡೆ ಡಾಂಬರಿನ ಅಂಚಿಗೆ ಕುರಿ ಹಿಂಡೊಂದು ಹೋಗುತ್ತಿತ್ತು. ಎದುರಿಗೆ ಯಾವ ಗಾಡಿಯೂ ಇಲ್ಲದ್ದು ನೋಡಿ, ನೀವೂ ನಾವೂ ಮಾಡುವ ಹಾಗೇ, ಸುಪ್ರಿಯಾ ಕುರಿಗಳಿಗೆ ಜಾಗ ಬಿಡಲು ಕಾರನ್ನು ಸ್ವಲ್ಪ ಬಲಕ್ಕೆ ತೆಗೆದಳು. ಚಕ್ರ ನಡುಗೆರೆ ಮುಟ್ಟಿದ್ದೇ ತಡ, ಸ್ಟೇರಿಂಗ್ ಗಕ್ಕನೆ ಎಡಕ್ಕೆ ಎಳೆಯಿತು. ಎಡಕ್ಕೆ ಅಂದರೆ ನೇರ ಕುರಿಗಳ ಕಡೆಗೆ!

"ಅತ್ತೆ, ಹಿಡ್ಕಳ್ರೀ!" ಎಂದು ಕೂಗಿ ಅವಳು ಬ್ರೇಕಿನ ಮೇಲೆ ನಿಂತೇಬಿಟ್ಟಳು. ಹಿಂದೆ ಬರುತ್ತಿದ್ದ ಲಾರಿ ಹಾರನ್ ಕಿರುಚುತ್ತ ಪಕ್ಕದಲ್ಲೇ ನುಗ್ಗಿ ಹೋಯಿತು. ಕಾರು ನಿಂತಾಗ ಬಂಪರಿಗೂ ಹಿಂಡಿನ ಕೊನೆಯ ಕುರಿಗೂ ನಡುವೆ ಒಂದು ಮೊಳ ಜಾಗ ಉಳಿದಿದ್ದರೆ ಅದೇ ಹೆಚ್ಚು.

ಕುರಿ ಕಾಯುವ ಗೊಲ್ಲಪ್ಪ ಓಡಿ ಬಂದು ಕಿಟಕಿ ಬಡಿದ. "ಏನವ್ವಾ ನೀನು! ಜಾಗ ಬಿಟ್ಟು ಹೋಗ್ತಿದ್ದೋಳು ಮತ್ಯಾಕೆ ನಮ್ಮ ಮೇಲೇ ತಿರುಗಿಸ್ದೆ? ನಿನ್ನ ಪುಣ್ಯ, ನನ್ನ ಪುಣ್ಯ, ಉಳ್ಕಂಡ್ವಿ."

"ನಾನು ತಿರುಗಿಸ್ಲಿಲ್ಲಣ್ಣಾ, ಅದೇ ತಿರುಗ್ತು," ಎಂದಳು ಸುಪ್ರಿಯಾ. ಗೊಲ್ಲಪ್ಪ ಅವಳ ಮುಖ ನೋಡಿ, ಪಾಪ ತಲೆ ಕೆಟ್ಟಿರಬೇಕು ಎಂದುಕೊಂಡು ಕುರಿ ಹೊಡೆದುಕೊಂಡು ಹೋದ.

ಮನೆಯಲ್ಲಿ ಗಂಡ ಪರಮೇಶ್ ಕಾಯುತ್ತಿದ್ದ. ಅವನದು ಗೂಡ್ಸ್ ಗಾಡಿ, ಹಿರಿಯೂರಿಗೆ ತೆಂಗಿನಕಾಯಿ ಸಾಗಿಸುವ ಕೆಲಸ. ಹೆಂಡತಿಗೆ ಕಾರು ಕಲಿಸಿದವನೂ ಅವನೇ. ಹಾಗಾಗಿ ಸುಪ್ರಿಯಾಳ ಡ್ರೈವಿಂಗಿನಲ್ಲಿ ತಪ್ಪಾದರೆ ತನ್ನ ಮರ್ಯಾದೆಯೇ ಹೋದಂತೆ ಅವನಿಗೆ.

"ಸ್ಟೇರಿಂಗ್ ತಾನಾಗೇ ತಿರುಗ್ತಂತೆ! ಯಾಕೆ, ಗಾಡಿಗೇನ್ ದೆವ್ವ ಹಿಡಿದೈತಾ? ಗಾಬ್ರಿಯಾಗಿ ನೀನೇ ಎಳೆದಿದ್ದೀಯ. ಒಪ್ಕಂಡ್ಬಿಡು, ಬೈಯಲ್ಲ."

"ಬೇಕಾದ್ರೆ ಬೈರಿ. ಎಳೆದಿಲ್ಲ ಅಂದ್ಮೇಲೆ ಎಳೆದಿಲ್ಲ."

"ಅವ್ವಾ, ನೀನೇ ಹೇಳು. ಪಕ್ಕದಲ್ಲೇ ಕುಂತಿದ್ದೆಲ್ಲ."

ಹನುಮಮ್ಮ ಕಣ್ಣು ಒರೆಸಿಕೊಂಡಳು. "ನನ್ ಕಣ್ಣಿಗೆ ಮುಂದಿರೋ ಕುರಿನೇ ಹತ್ತಿ ಉಂಡೆ ಥರ ಕಾಣ್ತವೆ. ಸ್ಟೇರಿಂಗ್ ಯಾರು ತಿರುಗಿಸಿದ್ರು ಅಂತ ನಾನೆಲ್ಲಿ ಕಾಣ್ಲಪ್ಪ? ಸುಮ್ನೆ ಸಾಕ್ಷಿ ಹೇಳಾಕೆ ಆಗಲ್ಲ. ಆದ್ರೆ ಸೋಮವಾರ ನಾನು ಬಸ್ಸಿಗೇ ಹೋಗ್ತೀನಿ. ನನ್ನ ಎದೆ ಇನ್ನೂ ಡವಡವ ಅಂತೈತೆ."

ಗಂಡ ಬೈದದ್ದಕ್ಕಿಂತ ಅತ್ತೆಯ ಈ ಮಾತು ಸುಪ್ರಿಯಾಗೆ ಜಾಸ್ತಿ ನಾಟಿತು. ಈ ಕಾರು ಬಂದಾಗಿನಿಂದ ಕೇರಿಯ ಹೆಂಗಸರಿಗೆ ಆಸ್ಪತ್ರೆ ಎಂದರೆ ಯಾರದೋ ಕೈಕಾಲು ಹಿಡಿಯುವುದು ತಪ್ಪಿತ್ತು. ಸುಪ್ರಿಯಾ ಇದ್ದಾಳೆ ಬಿಡು ಎನ್ನುವ ಧೈರ್ಯ ಎಲ್ಲರಿಗೂ ಬಂದಿತ್ತು. ಅವತ್ತು ಸಂಜೆಗೆ ಪಕ್ಕದ ಮನೆ ಯಶೋದಾ ಬಂದು, ಬಾಗಿಲಲ್ಲೇ ನಿಂತು, "ನಾಳೆ ನೀನು ಬರೋದು ಬೇಡ ಕಣೆ. ಮಗೂನ ಆಸ್ಪತ್ರೆಗೆ ಆಟೋದಲ್ಲೇ ಕರ್ಕಂಡು ಹೋಗ್ತೀನಿ," ಎಂದು ಹೇಳಿ ಹೋದಳು. ಸುಪ್ರಿಯಾ ತನ್ನ ಎರಡೂ ಕೈ ನೋಡಿಕೊಂಡಳು. ನಿಜವಾಗಲೂ ನಾನೇ ಎಳೆದೆನಾ? ಇನ್ನೊಮ್ಮೆ ಸ್ಟೇರಿಂಗ್ ಹಿಡಿದರೆ ಮತ್ತೆ ಹೀಗೇ ಆಗುತ್ತಾ? ಕಾರಿನ ಬೀಗದ ಕೈಯನ್ನು ಗಂಡನ ಮುಂದೆ ಇಟ್ಟು, "ನಾನಿನ್ನು ಮುಟ್ಟಲ್ಲ," ಎಂದುಬಿಟ್ಟಳು. ಹೇಳುವಾಗ ಅವಳಿಗೆ ಅಳು ಬಂತು.

ಮಾರನೆಯ ಬೆಳಿಗ್ಗೆ ಪರಮೇಶ್, "ಏಳು, ಹೋಗಾಣ. ಗಾಡಿ ಸರಿ ಐತೆ ಅಂತ ನಾನೇ ತೋರಿಸ್ತೀನಿ," ಎಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಹೊಸದುರ್ಗದ ರಸ್ತೆಗೆ ಬಿದ್ದು, "ನೋಡು, ಹೆಂಗ್ ಹೋಗ್ತೈತೆ, ಬೆಣ್ಣೆ ಥರ," ಎನ್ನುತ್ತ ಗುಂಡಿಯೊಂದನ್ನು ತಪ್ಪಿಸಲು ನಡುಗೆರೆಯ ಮೇಲೆ ಹಾಯುವಂತೆ ಬಲಕ್ಕೆ ತಿರುಗಿಸಿದ.

ಸ್ಟೇರಿಂಗ್ ಅವನ ಕೈಯನ್ನೂ ಎಡಕ್ಕೆ ಎಳೆಯಿತು. ಕಾರು ಧಡ್ ಎಂದು ಗುಂಡಿಗೆ ಇಳಿಯಿತು.

"ಲೇ ಲೇ ಲೇ! ಯಾರ್ಲೇ ಅದು!" ಎಂದು ಪರಮೇಶ್ ಕೂಗಿದ ಕೂಗಿಗೆ ಹೊಲದಲ್ಲಿದ್ದವರು ತಲೆ ಎತ್ತಿದರು. ಕಾರಿನಲ್ಲಿ ಇದ್ದವರು ಇಬ್ಬರೇ. ಇನ್ನಾರನ್ನು ಕೇಳಿದನೋ ದೇವರಿಗೇ ಗೊತ್ತು.

ಸುಪ್ರಿಯಾ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ಹರಿಯಿತು. "ನನ್ನ ಕೈ ಅಲ್ಲ! ನೋಡಿದ್ರಾ, ನನ್ನ ಕೈ ಅಲ್ಲ!"

ಪರಮೇಶ್ ಗಾಡಿ ಪಕ್ಕಕ್ಕೆ ಹಾಕಿದ. "ತಪ್ಪಾಯ್ತು ಕಣೆ," ಎಂದ. ಆಮೇಲೆ ಅವನಿಗೆ ಸಿಟ್ಟು ನೆತ್ತಿಗೇರಿತು. "ನನ್ ಗಾಡಿ ನನ್ ಮಾತು ಕೇಳಲ್ಲ ಅಂದ್ರೆ ಏನು? ಮುಂದಿನ ಗಾಜಿನ ಮೇಲೆ ರಸ್ತೆ ನೋಡ್ಕಂಡು ಕುಂತಿರೋ ಆ ಕ್ಯಾಮೆರಾದ್ದೇ ಈ ಕಿತಾಪತಿ. ಕಣ್ಣು ಕಟ್ಟಿಬಿಡ್ತೀನಿ ಇರು!" ಎಂದು, ಡ್ಯಾಶ್‌ಬೋರ್ಡಿನಲ್ಲಿದ್ದ ದೇವರ ಸ್ಟಿಕ್ಕರ್ ತೆಗೆದು ಹೊರಗಿನಿಂದ ಗಾಜಿಗೆ, ಸರಿಯಾಗಿ ಕ್ಯಾಮೆರಾಕ್ಕೆ ಅಡ್ಡಲಾಗಿ ಅಂಟಿಸಿದ. ಗಾಡಿ ಶುರು ಮಾಡಿದರೆ ಮೀಟರಿನ ಪಕ್ಕ ಎಚ್ಚರಿಕೆಯ ಹಳದಿ ದೀಪಗಳು ಒಂದರ ಹಿಂದೆ ಒಂದು ಹತ್ತಿಕೊಂಡವು.

"ಸಾಕು, ನಿಮ್ಮ ರಿಪೇರಿ," ಎಂದಳು ಸುಪ್ರಿಯಾ. "ಅಂಜಲಿ ಹತ್ರ ಹೋಗಾಣ ನಡೀರಿ."

ಅಂಜಲಿ ಸುಪ್ರಿಯಾಳ ಜೊತೆ ಓದಿದವಳು, ಈಗ ಹೊಸದುರ್ಗದಲ್ಲಿ ಡ್ರೈವಿಂಗ್ ಕಲಿಸುತ್ತಾಳೆ. ಎಲ್ಲ ಕೇಳಿಕೊಂಡು, ಮೊದಲು ಸ್ಟಿಕ್ಕರ್ ಕಿತ್ತಳು.

"ಪರಮೇಶಣ್ಣ, ಮುಂದೆ ಜನ ಅಡ್ಡ ಬಂದ್ರೆ ತಾನಾಗೇ ಬ್ರೇಕ್ ಹಾಕೋದೂ ಇದೇ ಕ್ಯಾಮೆರಾ ನೋಡ್ಕಂಡೇ ಕಣ್ರಿ. ದೇವರನ್ನ ಒಳಗೆ ಇಡ್ರಿ, ಅದರ ಕಣ್ಣಿಗೆ ಅಡ್ಡ ಇಡಬೇಡ್ರಿ. ಈಗ ಹೇಳ್ರಿ, ಇತ್ತೀಚೆಗೆ ಏನಾದ್ರೂ ಅಪ್‌ಡೇಟ್ ಆಯ್ತಾ?"

ಪರಮೇಶ್ ತಲೆ ಕೆರೆದುಕೊಂಡ. "ಹೋದ ವಾರ ಸ್ಕ್ರೀನ್ ಮೇಲೆ ಏನೋ ಉದ್ದಕ್ಕೆ ಬಂದಿತ್ತು. ಹಾಡಿಗೆ ಅಡ್ಡ ಬಂತು ಅಂತ ಒತ್ತಿದೆ."

"ಓದಿದ್ರಾ?"

"ಓದ್ದೆ. ಓಕೆ ಅಂತಿತ್ತು."

ಅಂಜಲಿಗೆ ನಗು ತಡೆಯಲಾಗಲಿಲ್ಲ. ಕಾರಿನ ಸ್ಕ್ರೀನಿನಲ್ಲಿ ಹುಡುಕಿ ಆ ಹಳೆಯ ಸೂಚನೆ ತೆಗೆದು ಓದಿ ಹೇಳಿದಳು. "ಇದಕ್ಕೆ ಲೇನ್ ಅಸಿಸ್ಟ್ ಅಂತಾರೆ. ಗಾಡಿ ಒಂದಿಷ್ಟು ಜೋರಾಗಿ ಹೋಗ್ತಿರೋವಾಗ, ಇಂಡಿಕೇಟರ್ ಹಾಕ್ದೆ ಗೆರೆ ದಾಟಿದ್ರೆ, ಡ್ರೈವರ್ ತೂಕಡಿಸ್ತಾ ಅವ್ನೆ ಅಂತ ತಿಳ್ಕಂಡು ವಾಪಸ್ ಎಳೀತೈತೆ. ಮೊದಲು ನಿಮ್ಮ ಗಾಡಿ ಕೀಂಯ್ ಅಂತ ಸದ್ದು ಮಾತ್ರ ಮಾಡ್ತಿತ್ತು. ಅಪ್‌ಡೇಟ್ ಆದ್ಮೇಲೆ ಎಳೆಯೋದೂ ಸೇರೈತೆ. ಅದಕ್ಕೆ ಗೆರೆ ಗೊತ್ತೇ ಹೊರತು, ನೀನು ಕುರಿಗೆ ಜಾಗ ಬಿಡ್ತಾ ಇದ್ದೀಯ ಅಂತ ಗೊತ್ತಾಗಲ್ಲ ಸುಪ್ರಿಯಾ."

"ಇಷ್ಟು ದೊಡ್ಡ ವಿಷಯ ಬಾಯಿ ಬಿಟ್ಟು ಹೇಳಾಕೆ ಏನಾಗಿತ್ತು ಕಂಪನಿಯೋರಿಗೆ? ಒಂದು ಜೀವ ಹೋಗ್ತಿತ್ತಲ್ಲ!" ಎಂದಳು ಸುಪ್ರಿಯಾ.

"ನಿನ್ನ ಸಿಟ್ಟು ನ್ಯಾಯವಾದ್ದೇ. ಸರ್ವಿಸ್ ಸೆಂಟರಿಗೆ ಫೋನ್ ಮಾಡು, ಏನೇನ್ ಬದಲಾಯ್ತು ಕನ್ನಡದಲ್ಲಿ ಹೇಳ್ರಿ ಅಂತ ಕೇಳು. ಹಿಂಗಿಂಗಾಯ್ತು ಅಂತ ದೂರೂ ಬರೆಸು. ಆದ್ರೆ ಒಂದು ತಿಳ್ಕೋ. ಅದರ ಎಳೆತಕ್ಕಿಂತ ನಿನ್ನ ಕೈ ಗಟ್ಟಿ. ಎರಡೂ ಕೈಲಿ ಬಿಗಿಯಾಗಿ ಹಿಡಿದ್ರೆ ನೀನು ಹೇಳಿದ ಕಡೆಗೇ ಬರ್ತೈತೆ. ಅವತ್ತು ಗೊತ್ತಿಲ್ದೆ ಬೆಚ್ಚಿಬಿದ್ದೆ, ಅಷ್ಟೇ. ಇನ್ಮೇಲೆ ಬಲಕ್ಕೆ ಹೋಗ್ಬೇಕಾದ್ರೆ ಮೊದಲು ಇಂಡಿಕೇಟರ್ ಹಾಕು, ಅದು ತಡೆಯಲ್ಲ."

ಈ ಮಾತಿಗೆ ಪರಮೇಶ್ ಅಡ್ಡ ಬಾಯಿ ಹಾಕಿದ. "ಅದೊಂದು ಹೇಳಬೇಡಮ್ಮ! ಹೈವೇಲಿ ಬಲಗಡೆ ಇಂಡಿಕೇಟರ್ ಹಾಕಿದ್ರೆ ಏನರ್ಥ? ಹಿಂದಿನೋನಿಗೆ, ಬಾರಪ್ಪಾ, ಓವರ್‌ಟೇಕ್ ಮಾಡು ಅಂತ ಸೈಡ್ ಕೊಟ್ಟಂಗೆ. ನಾವೆಲ್ಲ ಹಂಗೇ ಕಲ್ತಿರೋದು, ಇವಳಿಗೂ ಹಂಗೇ ಕಲಿಸಿರೋದು. ಹಾಕಿದ್ರೆ ಲಾರಿಯೋನು ನೇರ ಬಂದು ಗುದ್ದುತಾನೆ!"

ಸುಪ್ರಿಯಾ ಇಂಡಿಕೇಟರ್ ಹಾಕದೆ ಇದ್ದುದಕ್ಕೆ ಕಾರಣ ಇದೇ ಆಗಿತ್ತು. ನಮ್ಮ ಕಡೆ ಲಾರಿ, ಬಸ್ಸು, ಗೂಡ್ಸ್ ಗಾಡಿಯವರಲ್ಲಿ ಅರ್ಧಕ್ಕರ್ಧ ಜನ ಹೀಗೇ ಸೈಡ್ ಕೊಡುತ್ತಾರೆ. ಉಪಕಾರ ಎಂದೇ ಮಾಡುತ್ತಾರೆ.

"ಅಣ್ಣಾ, ಹಂಗಾದ್ರೆ ನೀವು ನಿಜವಾಗ್ಲೂ ಬಲಕ್ಕೆ ತಿರುಗೋವಾಗ ಏನ್ ಹಾಕ್ತೀರಿ?" ಅಂಜಲಿ ಕೇಳಿದಳು.

"ಅದನ್ನೇ."

"ಹಿಂದಿನೋನಿಗೆ ವ್ಯತ್ಯಾಸ ಹೆಂಗ್ ಗೊತ್ತಾಗಬೇಕು?"

ಪರಮೇಶನಿಗೆ ಹಳೆಯದೊಂದು ನೆನಪಾಯಿತು. ಕಳೆದ ವರ್ಷ ಹಿರಿಯೂರಿನ ಹತ್ತಿರ ಅವನು ಬಲಕ್ಕೆ ತಿರುಗುವಾಗ ಬೈಕಿನವನೊಬ್ಬ ಇವನು ಸೈಡ್ ಕೊಟ್ಟನೆಂದು ನುಗ್ಗಿ ಬಂದು, ಕೂದಲೆಳೆಯಲ್ಲಿ ಉಳಿದಿದ್ದ. ಆಗ ಪರಮೇಶ್ ಬೈಕಿನವನಿಗೆ ಬಾಯಿಗೆ ಬಂದಂತೆ ಬೈದು ಬಂದಿದ್ದ. ಈಗ ಬೈಯಿಸಿಕೊಳ್ಳಬೇಕಾದವನು ಯಾರು ಎಂದು ಅವನಿಗೇ ಹೊಳೆಯಿತು.

"ಸೈಡ್ ಕೊಡಾಕೆ ಇಂಡಿಕೇಟರ್ ಬಳಸೋದನ್ನ ಇವತ್ತೇ ಬಿಡ್ರಿ," ಎಂದಳು ಅಂಜಲಿ. "ಹಿಂದಿನೋನು ತಪ್ಪು ತಿಳ್ಕಂತಾನೆ ಅನ್ನೋ ಭಯ ಇದ್ರೆ ಮೊದಲು ನಿಧಾನ ಮಾಡ್ರಿ, ಬ್ರೇಕ್ ದೀಪ ಕಾಣ್ಲಿ. ಕನ್ನಡಿ ನೋಡ್ರಿ. ಯಾರೂ ನುಗ್ಗಿ ಬರ್ತಿಲ್ಲ ಅಂದ್ಮೇಲೆ ಇಂಡಿಕೇಟರ್ ಹಾಕಿ ಬಲಕ್ಕೆ ಹೋಗ್ರಿ. ಬರ್ತಾ ಇದ್ರೆ ಕುರಿ ಹಿಂದೆನೇ ನಿಂತ್ಕಳ್ರಿ. ಎರಡು ನಿಮಿಷ ತಡವಾದ್ರೆ ಯಾರ ಮನೇನೂ ಮುಳುಗಲ್ಲ."

ಊರೊಳಗಿನ ರಸ್ತೆಯಲ್ಲಿ, ಗೆರೆ ಅಳಿಸಿದ ಕಡೆ, ರಾಗಿ ತೆನೆ ಹರಡಿದ ಕಡೆ ಈ ಲೇನ್ ಅಸಿಸ್ಟನ್ನು ಆಫ್ ಮಾಡಿಕೊಳ್ಳುವುದು ಹೇಗೆಂದೂ ತೋರಿಸಿದಳು. ಗಾಡಿ ನಿಂತಿರುವಾಗಲೇ ಆಫ್ ಮಾಡಬೇಕು, ಮತ್ತೆ ಸ್ಟಾರ್ಟ್ ಮಾಡಿದಾಗ ತಾನೇ ಆನ್ ಆಗಿದೆಯೋ ಎಂದು ಮೀಟರ್ ನೋಡಿಕೊಳ್ಳಬೇಕು ಎಂದಳು. ಆಮೇಲೆ ಸುಪ್ರಿಯಾಳನ್ನು ಖಾಲಿ ರಸ್ತೆಗೆ ಕರೆದೊಯ್ದು, ಬೇಕೆಂದೇ ಗೆರೆ ದಾಟಿಸಿ, ಎಳೆತ ಎಷ್ಟೆಂದು ಕೈಗೆ ಪರಿಚಯ ಮಾಡಿಸಿದಳು. ಮೊದಲ ಸಲ ಸುಪ್ರಿಯಾ ಕಣ್ಣು ಮುಚ್ಚುವಷ್ಟು ಹೆದರಿದಳು. ಮಾಡುತ್ತಾ ಮಾಡುತ್ತಾ, "ಅಯ್ಯೋ, ಇಷ್ಟೇನಾ! ಹಟ ಮಾಡೋ ಕರು ಎಳೆದಂಗೆ ಎಳೀತೈತೆ," ಎಂದು ನಕ್ಕಳು. ಪರಮೇಶನೂ ಅಭ್ಯಾಸ ಮಾಡಿದ. ಇಂಡಿಕೇಟರ್ ಮರೆತಾಗಲೆಲ್ಲ ಹೆಂಡತಿಯಿಂದ ಬೈಸಿಕೊಂಡ.

ಸೋಮವಾರ ಹನುಮಮ್ಮ ಚೀಲ ಹಿಡಿದು ಬಸ್ಸಿಗೆಂದೇ ಹೊರಟು ನಿಂತಳು. ಪರಮೇಶ್ ಅಡ್ಡ ಬಂದ. "ಅವ್ವಾ, ಅವತ್ತು ಗಾಡಿ ಎಳೆದಿದ್ದು ನಿಜ. ನನಗೂ ಎಳೀತು. ನೋಡದೇ ಓಕೆ ಒತ್ತಿದೋನು ನಾನು. ಬೈಸ್ಕಂಡೋಳು ಇವಳು."

ಹನುಮಮ್ಮ ಸೊಸೆ ಕಡೆ ತಿರುಗಿದಳು. "ದಾರೀಲಿ ಮತ್ತೆ ಏನಾದ್ರೂ ಅಡ್ಡ ಬಂದ್ರೆ ಏನ್ಮಾಡ್ತೀಯವ್ವ?"

"ಮೊದ್ಲು ನಿಧಾನ, ಆಮೇಲೆ ಕನ್ನಡಿ, ಆಮೇಲೆ ಇಂಡಿಕೇಟರ್. ಜಾಗ ಇಲ್ಲ ಅಂದ್ರೆ ನಿಂತೇಬಿಡ್ತೀನಿ ಅತ್ತೆ."

ಹನುಮಮ್ಮ ಒಂದು ಗಳಿಗೆ ಯೋಚಿಸಿ ಮುಂದಿನ ಬಾಗಿಲನ್ನೇ ತೆಗೆದು ಕುಳಿತಳು. ಪರಮೇಶ್ ಹಿಂದೆ ಕುಳಿತು, "ನಿಧಾನ, ನಿಧಾನ, ಎಡಕ್ಕೆ ನೋಡು," ಎಂದು ಶುರು ಮಾಡಿದ. ಹೊಳಲ್ಕೆರೆ ಬರುವಷ್ಟರಲ್ಲಿ ಹನುಮಮ್ಮನಿಗೆ ಸಾಕಾಯಿತು. "ಲೇ, ಬಾಯ್ಮುಚ್ಕಂಡು ಕುಂತ್ಕಳಲೇ! ಓಡಿಸೋಳು ಓಡಿಸ್ತಾಳೆ."

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೆಯ ದಿನ ಕಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ವಾಪಸು ಬರುವಾಗ ಹನುಮಮ್ಮ ಹೊರಗೆ ನೋಡಲೇ ಇಲ್ಲ. ದಾರಿಯುದ್ದಕ್ಕೂ ಸೊಸೆಯ ಕೈಗಳನ್ನೇ ನೋಡುತ್ತ ಕುಳಿತಿದ್ದಳು. ಮನೆ ಮುಂದೆ ಇಳಿದಾಗ, ಯಶೋದಾ, ಅಕ್ಕಪಕ್ಕದವರು ಎಲ್ಲ ನೋಡಲು ಬಂದಿದ್ದರು. ಹನುಮಮ್ಮ ಅವರೆದುರಿಗೇ ಸುಪ್ರಿಯಾಳ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ಅವತ್ತು ನಂಗೆ ಹಿಂಗೆ ಕಾಣ್ತಿದ್ರೆ, ಅವತ್ತೇ ಸಾಕ್ಷಿ ಹೇಳ್ತಿದ್ದೆ ಕಣವ್ವ."

ಸ್ಟೇರಿಂಗ್ ಹಿಡಿಯುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಗಾಡಿಗೂ ಅಪ್‌ಡೇಟ್ ಬರುತ್ತದೆ. ಓಕೆ ಒತ್ತುವ ಮುಂಚೆ ಓದಿ. ಇಂಗ್ಲಿಷ್ ಬಾರದಿದ್ದರೆ ಬಲ್ಲವರಿಂದ ಓದಿಸಿ, ಸರ್ವಿಸ್ ಸೆಂಟರಿನವರನ್ನು ಕೇಳಿ. ಕೇಳುವುದರಲ್ಲಿ ನಾಚಿಕೆ ಎಂಥದ್ದು? ಅಪ್‌ಡೇಟ್ ಆದ ಮೇಲೆ ಮನೆಯವರನ್ನು ಕೂರಿಸಿಕೊಂಡು ಹೊರಡುವ ಮುಂಚೆ ಖಾಲಿ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಿ. ಕ್ಯಾಮೆರಾಕ್ಕೆ ಸ್ಟಿಕ್ಕರ್, ಕುಂಕುಮ, ಹಾರ ಅಡ್ಡ ಬರದಿರಲಿ. ಸ್ಟೇರಿಂಗಿನಿಂದ ಕೈ ತೆಗೆಯಬೇಡಿ. ಇಂಡಿಕೇಟರ್ ಇರುವುದು ನೀವು ಎಲ್ಲಿಗೆ ತಿರುಗುತ್ತೀರಿ ಎಂದು ಹೇಳುವುದಕ್ಕೆ, ಸೈಡ್ ಕೊಡುವುದಕ್ಕಲ್ಲ. ಇನ್ನು, ನಿಮ್ಮ ಮನೆಯ ಹೆಣ್ಣುಮಗಳು ಬಂದು "ಗಾಡಿ ತಾನಾಗೇ ಎಳೀತು" ಎಂದರೆ ನಗಬೇಡಿ, ಬೈಯಬೇಡಿ. ಮೊದಲು ಅವಳ ಮಾತು ನಂಬಿ, ಆಮೇಲೆ ಗಾಡಿ ನೋಡಿ.